ಎಣಿಸದವರ ಚಪ್ಪಾಳೆ

ಒದ್ದೆ ಕಾರ್ಪೆಟ್ಟಿನ ಮೇಲೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದರೆ ಮುಗ್ಗಲು ಹೋಗುವುದಿಲ್ಲ, ಮಲ್ಲಿಗೆಯೂ ಬರುವುದಿಲ್ಲ. ಎರಡೂ ಕಲೆತು ಮೂರನೆಯದೊಂದು ನಾತ ಹುಟ್ಟುತ್ತದೆ. ಹೋದ ತಿಂಗಳು ಚಿಕ್ಕಮಗಳೂರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಆರತಕ್ಷತೆಗೆಂದು ಒಂದು ಹೋಟೆಲಿನ ಹಾಲ್‌ಗೆ ಕಾಲಿಟ್ಟೆ. ಬಾಗಿಲಲ್ಲೇ ಆ ನಾತ ಮೂಗಿಗೆ ಹೊಡೆಯಿತು. ವೇದಿಕೆ ಹತ್ತಿ ಹೆಣ್ಣು ಗಂಡಿಗೆ ಅಕ್ಷತೆ ಹಾಕಿ ಬಂದೆನೇ ಹೊರತು ಊಟದ ಕಡೆ ತಲೆ ಹಾಕಲು ಆಗಲಿಲ್ಲ.

"ಎಂತಾಯ್ತು? ಪಿತ್ತವಾ?" ಅಂದರು ಮನೆಯವರು.

ಹೂಂ ಅಂದೆ. ಪಿತ್ತವಲ್ಲ ಅಂತ ನನಗೆ ಗೊತ್ತಿತ್ತು. ಅದು ಆರು ವರ್ಷದ ಹಿಂದೆ ನಾನು ರೆಸಾರ್ಟಿನಲ್ಲಿ ಕಳೆದ ಕೊನೆಯ ಮಳೆಗಾಲದ ವಾಸನೆ.

ಬಾಳೂರಿನಿಂದ ಸ್ವಲ್ಪ ಮೇಲೆ ಹಳೆಯ ಎಸ್ಟೇಟ್ ಬಂಗಲೆಯೊಂದಿದೆ. ಅದಕ್ಕೆ ಅಕ್ಕಪಕ್ಕ ಕಾಟೇಜುಗಳನ್ನು ಎಬ್ಬಿಸಿ ಪೂರ್ಣೇಶ್ ಎನ್ನುವವರು ರೆಸಾರ್ಟ್ ಮಾಡಿದ್ದರು. ನಮ್ಮ ಮನೆಯವರು ಪಕ್ಕದ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಬಟವಾಡೆ ನೋಡಿಕೊಳ್ಳುವವರು. ನಾನು ಮೂಡಿಗೆರೆಯಲ್ಲಿ ಬಿಕಾಂ ಮಾಡಿದವಳು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಅಂತ ಅಲ್ಲಿ ರಿಸೆಪ್ಷನ್‌ಗೆ ಸೇರಿದ್ದೆ. ಬೇಸಿಗೆಯಲ್ಲಿ ಕೆಲಸ ಹಿತವಾಗಿಯೇ ಇರುತ್ತಿತ್ತು. ಬಂದವರು ಬೆಳಿಗ್ಗೆ ಜೀಪು ಹತ್ತಿ ದೇವರಮನೆ ಬೆಟ್ಟಕ್ಕೋ ಹೊರನಾಡಿಗೋ ಹೋದರೆ ಕತ್ತಲಾಗುವಾಗ ಬರುತ್ತಿದ್ದರು. ಆದರೆ ಆ ವರ್ಷ ಮಾಲೀಕರಿಗೆ ಮಳೆಗಾಲದಲ್ಲೂ ರೂಮು ತುಂಬಿಸುವ ಆಸೆ ಹುಟ್ಟಿತು. 'ಮಳೆ ಹಬ್ಬ' ಅಂತ ಬೋರ್ಡು ಬರೆಸಿದರು. ಜನ ಬಂದರು.

ನಮ್ಮ ಕಡೆಯ ಮಳೆ ಬೋರ್ಡಿನ ಮೇಲಿನ ಮಳೆಯ ಹಾಗಲ್ಲ. ಬಂದವರು ಮೊದಲ ದಿನ ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಎರಡನೆಯ ದಿನ ತೋಟಕ್ಕಿಳಿದು ಕಾಲ ತುಂಬ ಇಂಬಳ ಹತ್ತಿಸಿಕೊಂಡು ಬಂದು, ರಿಸೆಪ್ಷನ್ನಿನ ಬಿಳಿ ಸೋಫಾದ ಮೇಲೆ ಕೂತು ಅವನ್ನು ಕೀಳುತ್ತಿದ್ದರು. ರಕ್ತ ಕುಡಿದು ಉಬ್ಬಿದ ಇಂಬಳವನ್ನು ಎಲ್ಲಿ ಬಿಸಾಡಬೇಕೆಂಬ ವಿವೇಕವೂ ಇಲ್ಲ, ನನ್ನ ಮೇಜಿನ ಹೂದಾನಿಗೇ ಹಾಕಿದವರಿದ್ದಾರೆ. ಒದ್ದೆ ಸಾಕ್ಸುಗಳನ್ನು ದೀಪದ ಕಂಬಕ್ಕೆ ಒಣಹಾಕಿದರು. ಡೈನಿಂಗ್ ಹಾಲಿನ ಕಾರ್ಪೆಟ್ಟು ಜೂನ್ ಮುಗಿಯುವಷ್ಟರಲ್ಲಿ ಸ್ಪಂಜಿನ ಹಾಗಾಯಿತು. ಅದನ್ನು ತೆಗೆಸಿ ಅಂದರೆ ಪೂರ್ಣೇಶ್ ಸ್ಪ್ರೇ ತರಿಸಿದರು. ಸಾಯಂಕಾಲವಾದರೆ ಹೊರಗೆ ಹೋಗಲಾಗದ ಜನವೆಲ್ಲ ಆ ಹಾಲಿನಲ್ಲೇ ಗುಡ್ಡೆ ಬೀಳುತ್ತಿದ್ದರು. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಟಿವಿ ಬರುವುದಿಲ್ಲ ಅಂತ ನನ್ನ ಮೇಲೆ ಸಿಡಿಮಿಡಿ. ಅವರನ್ನು ಸಂಜೆ ಹೊತ್ತು ಸುಮ್ಮನಿರಿಸಲು ಏನಾದರೂ ಬೇಕಾಗಿತ್ತು. ಹೀಗೆ ನಟರಾಜ ಮತ್ತು ಅವನ ಮಗಳು ನಮ್ಮಲ್ಲಿಗೆ ಬಂದರು.

ನಟರಾಜನ ಅಣ್ಣಂದಿರದು ಮೂಡಿಗೆರೆ ಪೇಟೆಯಲ್ಲಿ ದಿನಸಿ ಅಂಗಡಿ. ಅವನಿಗೆ ಅಂಗಡಿ ಒಗ್ಗಲಿಲ್ಲ, ಮಹಡಿಯ ಮೇಲೆ ಟ್ಯೂಷನ್ ನಡೆಸುತ್ತಿದ್ದ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಯಾರನ್ನು ಕಂಡರೂ ಕೈ ಮುಗಿಯುವ ನಯ. ಮಗಳು ಸಿಂಚನ ಆರನೇ ಕ್ಲಾಸು. ತೆಳ್ಳಗಿನ ಹುಡುಗಿ, ಜರಿ ಲಂಗದೊಳಗೆ ನಡುಗುತ್ತಾ ನಿಲ್ಲುತ್ತಿದ್ದಳು. ಅವಳ ಹಿಂದೆ 'ಸಂಖ್ಯಾ ಸರಸ್ವತಿ ಕುಮಾರಿ ಸಿಂಚನ' ಎಂಬ ಫ್ಲೆಕ್ಸು.

ಅವಳ ವಿದ್ಯೆ ಇದು. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು, ಮತ್ತೆ ಎರಡರಿಂದ ಗುಣಿಸಿದರೆ ಎಂಟು, ಹದಿನಾರು, ಮೂವತ್ತೆರಡು. ಹೀಗೆ ಹತ್ತು ಎರಡುಗಳನ್ನು ಗುಣಿಸಿದರೆ ಬರುವ ಸಾವಿರದ ಇಪ್ಪತ್ನಾಲ್ಕಕ್ಕೆ ಎರಡರ ಹತ್ತನೇ ಘಾತ ಅನ್ನುತ್ತಾರೆ. ಐವತ್ತನೇ ಘಾತಕ್ಕೆ ಬರುವ ಹೊತ್ತಿಗೆ ಹದಿನಾರು ಅಂಕಿಗಳಾಗುತ್ತವೆ, ನೂರನೇ ಘಾತಕ್ಕೆ ಮೂವತ್ತೊಂದು. ಒಂದರಿಂದ ನೂರರ ತನಕ ಎಲ್ಲ ಘಾತಗಳೂ ಸಿಂಚನಳ ತಲೆಯಲ್ಲಿದ್ದವು. ನೆರೆದವರು ಯಾವ ಘಾತ, ಯಾವ ಅಂಕಿ ಅಂತ ಕೇಳಬೇಕು. ಅದರಲ್ಲಿ ಆ ಅಂಕಿ ಎಷ್ಟು ಸಲ ಬರುತ್ತದೆ ಅಂತ ಅವಳು ಹೇಳಬೇಕು.

ಮೊದಲ ಶನಿವಾರ ಒಬ್ಬರು, "ಐವತ್ತನೇ ಘಾತದಲ್ಲಿ ಒಂಬತ್ತು ಎಷ್ಟಿದೆ?" ಅಂದರು.

ಹುಡುಗಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. "ಮೂರು."

ನಟರಾಜ ಕೈಯಲ್ಲಿದ್ದ ಪಟ್ಟಿ ನೋಡಿಕೊಂಡು ಬಿಳಿ ಬೋರ್ಡಿನ ಮೇಲೆ 1125899906842624 ಅಂತ ಬರೆದು, ಒಂಬತ್ತುಗಳಿಗೆಲ್ಲ ಕೆಂಪು ಸುತ್ತು ಹಾಕಿದ. ಮೂರೇ. ಹಾಲಿನ ತುಂಬ ಚಪ್ಪಾಳೆ. ನಾನೂ ಬಾಗಿಲ ಹತ್ತಿರ ನಿಂತು ಬೆರಗಾಗಿಯೇ ನೋಡಿದೆ. ಒಂದು ಮಗುವಿನ ತಲೆಯೊಳಗೆ ಇಷ್ಟು ಉದ್ದದ ಸಂಖ್ಯೆ ನೆಟ್ಟಗೆ ನಿಲ್ಲುತ್ತದಲ್ಲ ಅಂತ.

ನನ್ನ ಬೆರಗು ಹೆಚ್ಚು ದಿನ ಉಳಿಯಲಿಲ್ಲ. ಅಪ್ಪ ಮಗಳು ಮಧ್ಯಾಹ್ನದ ಬಸ್ಸಿಗೇ ಬಂದುಬಿಡುತ್ತಿದ್ದರು. ನಟರಾಜ ಪೂರ್ಣೇಶ್ ಹಿಂದೆ ಮುಂದೆ ಓಡಾಡಿಕೊಂಡಿದ್ದರೆ ಹುಡುಗಿ ರಿಸೆಪ್ಷನ್ ಪಕ್ಕದ ಬೆಂಚಿನ ಮೇಲೆ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಸಂಜೆಯಾದರೂ ಅದರ ಮುಚ್ಚಳ ತೆಗೆಯುತ್ತಿರಲಿಲ್ಲ.

"ತಿನ್ನಲ್ವೇನೇ?" ಅಂತ ಒಂದು ದಿನ ಕೇಳಿದೆ.

"ಆಮೇಲೆ. ಹೊಟ್ಟೆ ತುಂಬಿದ್ರೆ ತಲೆ ಓಡಲ್ಲ ಅಂತಾರೆ ಅಪ್ಪ."

ಎದುರಿಗೆ ಅತಿಥಿಗಳ ಗುಂಪು ತಟ್ಟೆಗಟ್ಟಲೆ ತಿಂದು, ಅರ್ಧ ಬಿಟ್ಟು, ಎಣ್ಣೆ ಕೈಯಲ್ಲೇ ಚಪ್ಪಾಳೆ ಹೊಡೆಯುವಾಗ ಆ ಮಗು ಖಾಲಿ ಹೊಟ್ಟೆಯಲ್ಲಿ ಏಳುಗಳನ್ನೂ ಒಂಬತ್ತುಗಳನ್ನೂ ಎಣಿಸುತ್ತಿತ್ತು. ಅದು ಗೊತ್ತಾದ ಮೇಲೆ ನನಗೆ ಆ ಚಪ್ಪಾಳೆಯ ಸದ್ದೇ ಅಸಹ್ಯವಾಯಿತು. ಒಮ್ಮೆ ಒಬ್ಬ, ಬಾಯಿಯಿಂದ ಬಿಯರ್ ವಾಸನೆ, ಕೋಳಿ ಕಬಾಬಿನ ಕಡ್ಡಿ ಹಿಡಿದು ವೇದಿಕೆಗೆ ಹತ್ತಿ, "ಪ್ರೈಜ್, ಪ್ರೈಜ್" ಅನ್ನುತ್ತಾ ಅವಳ ತುಟಿಗೆ ತುರುಕಲು ಹೋದ. ಅವರು ಮಾಂಸ ಮುಟ್ಟದ ಮನೆಯವರು. ಅವಳು ಬಾಯಿ ಬಿಗಿಹಿಡಿದು ಮುಖ ತಿರುಗಿಸಿದಳು. ಮಸಾಲೆ ಕೆನ್ನೆಗೆ ಮೆತ್ತಿತು. ಅವನ ಹೆಂಡತಿ ಅದನ್ನು ವಿಡಿಯೊ ಮಾಡುತ್ತಿದ್ದಳು. ನಟರಾಜ ನಗುತ್ತಾ, "ಮಗು ನಾಚ್ಕೊಳ್ತಿದೆ ಸಾರ್, ಬೇಜಾರ್ ಮಾಡ್ಕೋಬೇಡಿ" ಅಂದ. ಅತಿಥಿಗೆ ಬೇಜಾರಾಗಬಾರದು. ಅದೇ ಆ ಮನುಷ್ಯನ ಧರ್ಮ.

ನಮ್ಮ ಜೀಪ್ ಡ್ರೈವರ್ ಇಬ್ರಾಹಿಂ ಅಂದು ನನ್ನ ಪಕ್ಕವೇ ನಿಂತಿದ್ದ. "ಹೋದ ವರ್ಷ ಒಬ್ಬ ಕೋತಿ ಕರ್ಕೊಂಡ್ ಬಂದಿದ್ದ ಮೇಡಂ. ಅದಕ್ಕಾದ್ರೂ ಮೊದ್ಲು ಬಾಳೆಹಣ್ಣು ಕೊಡ್ತಿದ್ದ" ಅಂದು ಹೊರಗೆ ಹೋಗಿ ಉಗಿದು ಬಂದ.

ಆ ಮಳೆಗಾಲದಲ್ಲಿ ನನಗೆ ಹೊಲಸೆನ್ನಿಸದ ಹೊತ್ತೆಂದರೆ ಶನಿವಾರದ ಮಧ್ಯಾಹ್ನವೊಂದೇ. ರಿಸೆಪ್ಷನ್ ಕಂಪ್ಯೂಟರಿನ ಕ್ಯಾಲ್ಕ್ಯುಲೇಟರ್ ನೂರನೇ ಘಾತದ ತನಕ ಅಂಕಿಗಳನ್ನು ಪೂರ್ತಿ ತೋರಿಸುತ್ತಿತ್ತು. ದೊಡ್ಡ ಘಾತಗಳನ್ನು ಅತಿಥಿಗಳ ಫೋನಿನಲ್ಲಿ ಒತ್ತಿದರೆ ನಾಲ್ಕೈದು ಅಂಕಿ ಬಂದು ಕೊನೆಗೊಂದು ಇಂಗ್ಲಿಷ್ ಅಕ್ಷರ ಬೀಳುತ್ತಿತ್ತು, ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದರು. ಸಿಂಚನಳಿಗೆ ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಪರದೆಯ ಮೇಲೆ ಆ ಸಂಖ್ಯೆಗಳು ಬೆಳೆಯುವುದನ್ನು ನೋಡುವುದೆಂದರೆ ಪ್ರಾಣ. ಬಾಯಿಪಾಠ ಮಾಡಿಸಿದ್ದು ಅಪ್ಪ. ಆದರೆ ಅದರ ಒಳಹೊಕ್ಕು ನೋಡಿದ್ದು ಅವಳೇ.

"ಆಂಟಿ, ಸೊನ್ನೆ ಎಲ್ಲಿಂದ ಬರುತ್ತೆ ಗೊತ್ತಾ?" ಅಂದಳು ಒಂದು ದಿನ.

"ಎಲ್ಲಿಂದ?"

"ಐದರಿಂದ. ಐನೂರ ಹನ್ನೆರಡು ನೋಡಿ. ಐದರ ಬಲಗಡೆ ಒಂದು ಇದೆ. ಡಬಲ್ ಮಾಡಿದ್ರೆ ಸಾವಿರದ ಇಪ್ಪತ್ನಾಲ್ಕು, ಸೊನ್ನೆ ಬಂದುಬಿಡ್ತು. ಐದರ ಬಲಗಡೆ ಐದಕ್ಕಿಂತ ಚಿಕ್ಕ ಅಂಕಿ ಇದ್ರೆ ಕೈಗೆ ದಶಕ ಬರಲ್ಲ ಅಲ್ವಾ, ಅದಕ್ಕೆ ಮುಂದಿನ ಸಲ ಸೊನ್ನೆ ಆಗ್ಲೇಬೇಕು."

"ಬಂದ ಸೊನ್ನೆ ಹೋಗದೇ ಇಲ್ವಾ?"

"ಹೋಗುತ್ತೆ. ಅದರ ಬಲಗಡೆ ದೊಡ್ಡ ಅಂಕಿ ಇದ್ರೆ ಅದು ಒಂದಾಗುತ್ತೆ. ಹೀಗೇ ಬರುತ್ತೆ, ಹೋಗುತ್ತೆ."

ನಾನು ಕಾಗದದ ಮೇಲೆ ಮಾಡಿ ನೋಡಿದೆ. ಸರಿಯಾಗಿತ್ತು. ಇಷ್ಟು ಚಂದದ ಮಾತನ್ನು ನನಗೆ ಯಾವ ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ. ಅವಳಿಗೆ ಹುರುಪು ಬಂತು. ಒಂದೂ ಸೊನ್ನೆ ಇಲ್ಲದ ಘಾತಗಳು ಮೊದಮೊದಲು ಹೇರಳವಾಗಿ ಸಿಗುತ್ತವೆ, ಆಮೇಲಾಮೇಲೆ ಅಪರೂಪವಾಗುತ್ತವೆ ಅಂದಳು. ಎಪ್ಪತ್ತೇಳು, ಎಂಬತ್ತೊಂದು, ಎಂಬತ್ತಾರು. ಎಂಬತ್ತಾರನೆಯದನ್ನು ನನಗೆ ಹೇಳಿ ತೋರಿಸಿದಳು: 77371252455336267181195264. ಇಪ್ಪತ್ತಾರು ಅಂಕಿ, ಎಲ್ಲೂ ಸೊನ್ನೆಯಿಲ್ಲ.

"ಅದಾದ ಮೇಲೆ ಸಿಗ್ಲೇ ಇಲ್ಲ ಆಂಟಿ. ಇನ್ನೂರರವರೆಗೆ ನಾನೇ ಡಬಲ್ ಮಾಡಿ ನೋಡಿದೆ. ಎಲ್ಲದರಲ್ಲೂ ಒಂದಾದ್ರೂ ಸೊನ್ನೆ ಇದೆ."

"ಸಂಖ್ಯೆ ಉದ್ದ ಆಯ್ತಲ್ಲ. ಅಷ್ಟು ಜಾಗದಲ್ಲಿ ಎಲ್ಲಾದ್ರೂ ಒಂದು ಸೊನ್ನೆ ಬಂದೇ ಬರುತ್ತೆ."

ಅವಳು ನನ್ನನ್ನು ತುಸು ಕನಿಕರದಿಂದ ನೋಡಿದಳು. "ಬರಬಹುದು ಅಂದ್ರೆ ಬರ್ಲೇಬೇಕು ಅಂತ ಅಲ್ವಲ್ಲ. ಎಂತಕ್ಕೆ ಬರ್ಲೇಬೇಕು?"

ಅಷ್ಟರಲ್ಲಿ ನಟರಾಜ ಹಿಂದೆ ಬಂದು ನಿಂತಿದ್ದ. ಮಗಳ ಪ್ರಶ್ನೆ ಅವನ ಕಿವಿಗೆ ಬಿದ್ದಿತ್ತು. ನನ್ನ ಕಡೆ ನಗುಮುಖ ಮಾಡಿಯೇ ಅವಳಿಗೆ ಹೇಳಿದ. "ಎಂತಕ್ಕೆ ಅಂತ ಯಾರೂ ಕೇಳಲ್ಲ ಪುಟ್ಟ. ಎಷ್ಟು ಅಂತ ಕೇಳ್ತಾರೆ. ಎಷ್ಟು ಅನ್ನೋದನ್ನ ಸರಿಯಾಗಿ ನೆನಪಿಟ್ಕೊ, ಸಾಕು." ಆಮೇಲೆ ನನಗೆ, "ಇವಳಿಗೆ ಇಂಥದ್ದೆಲ್ಲ ತಲೆಗೆ ತುಂಬಿಸ್ಬೇಡಿ ಮೇಡಂ, ಕನ್‌ಫ್ಯೂಸ್ ಆಗ್ತಾಳೆ" ಅಂದ. ತುಂಬಿಸಿದ್ದು ನಾನಲ್ಲ, ಅವಳು ನನಗೆ.

ಆಗಸ್ಟಿನ ಹೊತ್ತಿಗೆ ಬಿಳಿ ಬೋರ್ಡು ಮಾಯವಾಯಿತು. ಸಂಖ್ಯೆ ಬರೆದು ಸುತ್ತು ಹಾಕುವಷ್ಟು ಹೊತ್ತು ಜನ ಕಾಯುವುದಿಲ್ಲ, ಬೋರು ಹೊಡೆಯುತ್ತದೆ ಅಂತ ಪೂರ್ಣೇಶ್ ಹೇಳಿದ್ದರಂತೆ. ಈಗ ಹುಡುಗಿ ಉತ್ತರ ಹೇಳಿದ ತಕ್ಷಣ ನಟರಾಜ ಮೈಕಿನಲ್ಲಿ "ಕರೆಕ್ಟ್" ಅನ್ನುತ್ತಿದ್ದ, ಸ್ಪೀಕರಿನಿಂದ ಒಂದು ಗಂಟೆಯ ಸದ್ದು ಬರುತ್ತಿತ್ತು, ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಅಂಥ ಒಂದು ಸಂಜೆ ಯಾರೋ ವಯಸ್ಸಾದವರು, ಪಾಪ ಒಳ್ಳೆಯ ಮನಸ್ಸಿನಿಂದಲೇ, "ನಿಂಗೆ ಯಾವ ಸಂಖ್ಯೆ ಇಷ್ಟ ಮರಿ?" ಅಂತ ಕೇಳಿದರು. ಅಲ್ಲಿಯತನಕ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳ ಮುಖ ಅರಳಿತು. ಎಂಬತ್ತಾರನೇ ಘಾತ ಅಂದಳು, ಅದರಲ್ಲಿ ಸೊನ್ನೆಯೇ ಇಲ್ಲ ಅಂದಳು, ಆಮೇಲೆ ನೋಡಿದ ಎಲ್ಲದರಲ್ಲೂ ಇದೆ ಅಂದಳು.

"ಹಾಗಾದ್ರೆ ಮುಂದೆ ಎಲ್ಲೂ ಸೊನ್ನೆ ಇಲ್ಲದ್ದು ಬರೋದೇ ಇಲ್ವಾ?"

"ಗೊತ್ತಿಲ್ಲ ಅಂಕಲ್."

ಮುಂದಿನ ಮೇಜಿನಿಂದ ಒಬ್ಬ ಕೂಗಿದ. "ಸರಸ್ವತಿಗೇ ಗೊತ್ತಿಲ್ವಂತೆ ಕಣ್ರೋ." ಹಾಲು ಗೊಳ್ಳೆಂದಿತು. ಕೇಳಿದ ಹಿರಿಯರೂ ನಕ್ಕರು. ಹುಡುಗಿ ಏನು ತಪ್ಪಾಯಿತೆಂದು ಅಪ್ಪನ ಕಡೆ ನೋಡಿದಳು. ನಟರಾಜನೂ ನಗುತ್ತಿದ್ದ, ಆದರೆ ಕಣ್ಣು ನಗುತ್ತಿರಲಿಲ್ಲ.

ಊಟದ ಹೊತ್ತಿಗೆ ನಾನು ಅಡಿಗೆಮನೆಯ ಹಿಂದಕ್ಕೆ ಹೋದಾಗ ಅವನು ಅವಳ ರಟ್ಟೆಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚುತ್ತಿದ್ದ. ಬಯ್ಯುತ್ತಿರಲಿಲ್ಲ. ಟ್ಯೂಷನ್ ಮೇಷ್ಟ್ರ ಮೆಲುದನಿಯಲ್ಲೇ, "ಎಂಬತ್ತಾರೇ ಕೊನೇದು ಅಂತ ಧೈರ್ಯವಾಗಿ ಹೇಳ್ಬೇಕಿತ್ತು. ಯಾರಿಗ್ ಗೊತ್ತಾಗುತ್ತೆ? ಗೊತ್ತಿಲ್ಲ ಅನ್ನೋ ಮಾತು ಸ್ಟೇಜ್ ಮೇಲೆ ಬರಬಾರದು" ಅನ್ನುತ್ತಿದ್ದ. ನನ್ನನ್ನು ಕಂಡು ಕೈ ಬಿಟ್ಟ, ಅದೇ ಕೈಗಳನ್ನು ಜೋಡಿಸಿ ನಮಸ್ಕರಿಸಿದ. ಜರಿ ರವಿಕೆಯ ತೋಳಿನ ಕೆಳಗೆ ಮಗುವಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಳೆಯ ಗುರುತುಗಳೂ ಇದ್ದವು, ಹಳದಿಗಟ್ಟಿದವು.

ನೆಟ್‌ವರ್ಕ್ ಬಂದಾಗ ನಾನು ಹುಡುಕಿ ಓದಿದೆ. ಎಂಬತ್ತಾರರ ನಂತರ ಸೊನ್ನೆಯಿಲ್ಲದ ಘಾತ ಈತನಕ ಯಾರಿಗೂ ಸಿಕ್ಕಿಲ್ಲ. ಯಂತ್ರಗಳು ಎಷ್ಟೋ ದೂರ ಹೋಗಿ ಹುಡುಕಿವೆ. ಆದರೆ ಇನ್ನು ಸಿಗುವುದೇ ಇಲ್ಲ ಅಂತ ಸಾಧಿಸಿ ತೋರಿಸಿದವರು ಲೋಕದಲ್ಲೇ ಇಲ್ಲ. ದೊಡ್ಡ ದೊಡ್ಡ ಗಣಿತಜ್ಞರನ್ನು ಕೇಳಿದರೂ ಗೊತ್ತಿಲ್ಲ ಅಂತಲೇ ಹೇಳಬೇಕು. ಹನ್ನೊಂದು ವರ್ಷದ ಮಗು ಸರಿಯುತ್ತರ ಹೇಳಿ ರಟ್ಟೆ ತಿರುಚಿಸಿಕೊಂಡಿತ್ತು.

ಸೋಮವಾರ ಪೂರ್ಣೇಶ್ ಕೋಣೆಗೆ ಹೋದೆ. "ಸರ್, ಆ ಹುಡುಗಿ ಪ್ರೋಗ್ರಾಂ ನಿಲ್ಲಿಸಿ. ಅಪ್ಪ ಹೊಡೀತಾನೆ, ಊಟ ಹಾಕಲ್ಲ. ನಾನೇ ನೋಡಿದೀನಿ."

ಅವರು ಫೋನಿನಿಂದ ತಲೆಯೆತ್ತದೆ ಹೇಳಿದರು. "ಅವ್ರ ಮಗಳು, ಅವ್ರು ಬುದ್ಧಿ ಹೇಳ್ತಾರೆ. ನಿಮ್ ಮಕ್ಕಳಿಗೆ ನೀವು ಹೊಡ್ದಿಲ್ವಾ? ಟ್ಯಾಲೆಂಟ್ ಇರೋ ಮಕ್ಕಳನ್ನ ಹಾಗೇ ತಿದ್ದಬೇಕು. ಗೆಸ್ಟ್‌ಗಳೆಲ್ಲ ಖುಷಿಯಾಗಿದಾರೆ." ಆಮೇಲೆ, "ಹಾಲಲ್ಲಿ ಇನ್ನೂ ವಾಸ್ನೆ ಬರ್ತಿದೆಯಂತೆ. ಸ್ಪ್ರೇ ಜಾಸ್ತಿ ಹೊಡ್ಸಿ" ಅಂದರು.

ಮುಂದಿನ ಶನಿವಾರ ಮಧ್ಯಾಹ್ನ ಸಿಂಚನ ಬಂದು ಸ್ಟೂಲಿನ ಮೇಲೆ ಕೂತಳು. ಅರವತ್ನಾಲ್ಕನೇ ಘಾತವನ್ನು ಪರದೆಯ ಮೇಲೆ ತಂದು ಬಹಳ ಹೊತ್ತು ನೋಡುತ್ತಿದ್ದಳು. 18446744073709551616. "ಏಳು ಮೂರಿದೆ ಅಲ್ವಾ ಆಂಟಿ?" ಅಂದಳು. ಎಣಿಸಿ, ಹೌದು ಅಂದೆ.

ಸಂಜೆ ಚೆಸ್ ಆಡುವವರೊಬ್ಬರು ಅದೇ ಅರವತ್ನಾಲ್ಕನ್ನು ಕೇಳಿದರು. ಅದರಲ್ಲಿ ಏಳು ಎಷ್ಟು?

"ಐದು" ಅಂದಳು ಸಿಂಚನ.

"ಕರೆಕ್ಟ್" ಅಂದ ನಟರಾಜ. ಗಂಟೆ ಬಡಿಯಿತು. ಚಪ್ಪಾಳೆ.

ಬಾಯಿ ತಪ್ಪಿರಬೇಕು ಅಂದುಕೊಂಡೆ. ಇನ್ನೊಬ್ಬರು ನೂರನೇ ಘಾತದಲ್ಲಿ ಸೊನ್ನೆ ಎಷ್ಟು ಅಂದರು. ಅದರಲ್ಲಿ ಆರು ಸೊನ್ನೆ ಅಂತ ನಾನೇ ಅವಳ ಜೊತೆ ಕೂತು ಎಣಿಸಿದ್ದೆ. "ಹನ್ನೊಂದು" ಅಂದಳು. ಕರೆಕ್ಟ್, ಗಂಟೆ, ಚಪ್ಪಾಳೆ, ಒಂದು ಶಿಳ್ಳೆ. ಮೂವತ್ತರಲ್ಲಿ ಒಂದು ಎಷ್ಟು? ಎರಡು ಅನ್ನಬೇಕಾದಲ್ಲಿ "ಇಲ್ಲವೇ ಇಲ್ಲ" ಅಂದಳು. ಮೂವತ್ತನೇ ಘಾತ ಅಂಥ ದೊಡ್ಡದೇನಲ್ಲ, ಹತ್ತೇ ಅಂಕಿ. ಯಾವ ಫೋನಿನಲ್ಲಾದರೂ ಪೂರ್ತಿ ಕಾಣುತ್ತದೆ. ಮೇಜಿನ ಮೇಲೆಲ್ಲ ಫೋನುಗಳೇ ಇದ್ದವು. ಒಬ್ಬರೂ ಒತ್ತಿ ನೋಡಲಿಲ್ಲ. ಸಿಂಚನ ಪ್ರತಿ ಉತ್ತರದ ನಂತರ ಒಂದೊಂದೇ ಮುಖವನ್ನು ನಿಧಾನವಾಗಿ ನೋಡುತ್ತಾ ಬಂದು, ಕೊನೆಗೆ ಬಾಗಿಲಲ್ಲಿದ್ದ ನನ್ನ ಮೇಲೆ ಕಣ್ಣಿಟ್ಟಳು.

ಆಮೇಲೆ ಅವಳು ಬೆಂಚಿನ ಮೇಲೆ ಕೂತು ಡಬ್ಬಿಯ ತಣ್ಣನೆ ಮೊಸರನ್ನ ತಿನ್ನುತ್ತಿದ್ದಾಗ ಪಕ್ಕ ಹೋಗಿ ಕೂತೆ. "ಬೇಕಂತಲೇ ತಪ್ಪು ಹೇಳಿದ್ಯಾ?"

"ಹೂಂ."

"ಎಂತಕ್ಕೆ?"

"ಯಾರಾದ್ರೂ ಎಣಿಸ್ತಾರಾ ನೋಡಣ ಅಂತ." ಒಂದು ತುತ್ತು ನುಂಗಿದಳು. "ಯಾರೂ ಎಣಿಸಲ್ಲ ಆಂಟಿ. ಅಪ್ಪನೂ ಎಣಿಸಲಿಲ್ಲ."

ಅಳು ಇರಲಿಲ್ಲ. ಹಳಸಿದ್ದನ್ನು ಬಾಯಿಗಿಟ್ಟುಕೊಂಡವರ ಹಾಗೆ ತುಟಿ ಒಂದಿಷ್ಟು ಸೊಟ್ಟಗಾಗಿತ್ತು. ನನಗೆ ನಮ್ಮ ಅತಿಥಿಗಳ ಮೇಲೆ, ಮಾಲೀಕರ ಮೇಲೆ, ನಟರಾಜನ ಮೇಲೆ ಬಂದಿದ್ದ ಹೇಸಿಗೆಯೆಲ್ಲ ಒಟ್ಟಾಗಿ ಆ ಎಳೆ ಮುಖದ ಮೇಲೆ ಕೂತಿತ್ತು. ಆ ವಯಸ್ಸಿನ ಮುಖದಲ್ಲಿ ಕಾಣಬಾರದ ಭಾವ ಅದು.

ಸಿಂಚನಳ ತಾಯಿ ವಿಮಲ ಹೊರನಾಡಿನ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದಳು. ತವರೂ ಅಲ್ಲೇ. ಹದಿನೈದು ದಿನಕ್ಕೊಮ್ಮೆ ಮೂಡಿಗೆರೆಗೆ ಬಂದು ಹೋಗುತ್ತಿದ್ದಳಂತೆ. ನಾನು ಅವಳನ್ನು ಕಂಡಿರಲಿಲ್ಲ. ದೇವಸ್ಥಾನಕ್ಕೆ ಹೋಗುವವರನ್ನು ಇಬ್ರಾಹಿಂ ವಾರದಲ್ಲಿ ಎರಡು ಸಲವಾದರೂ ಕರೆದೊಯ್ಯುತ್ತಿದ್ದ, ಆ ಲಾಡ್ಜು ಅವನಿಗೆ ಗೊತ್ತಿತ್ತು. ಅವನ ಹತ್ತಿರ ಹೇಳಿ ಕಳಿಸಿದೆ. ಹೊಡೆತದ ಮಾತು, ಊಟದ ಮಾತು ಎತ್ತಬೇಡ, ಮುಂದಿನ ಶನಿವಾರ ಮಗಳ ಕಾರ್ಯಕ್ರಮ ನೋಡಲು ಬರಬೇಕಂತೆ ಅಂತ ಮಾತ್ರ ಹೇಳು ಅಂದೆ. ದೂರು ಹೇಳಿದರೆ ಗಂಡ ಹೆಂಡತಿ ಫೋನಿನಲ್ಲೇ ಮಾತಾಡಿಕೊಂಡು ಮುಗಿಸಿಬಿಡುತ್ತಾರೆ. ಕಣ್ಣಾರೆ ನೋಡಲಿ ಅನ್ನಿಸಿತು.

ವಿಮಲ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಇಬ್ರಾಹಿಮನ ಜೀಪಿನಲ್ಲಿ ಬಂದಿಳಿದಳು. ಕೈಯಲ್ಲಿ ಸ್ವೀಟ್ ಪ್ಯಾಕೆಟ್ಟು. "ಇವ್ರು ಫೋಟೊ ಕಳಿಸ್ತಾ ಇರ್ತಾರೆ ಮೇಡಂ. ನನಗೆ ಶನಿವಾರ ರಜೆ ಸಿಗದೆ ಒಂದ್ಸಲನೂ ನೋಡಕ್ಕಾಗ್ಲಿಲ್ಲ" ಅಂದಳು. ಎದೆ ತುಂಬಿದ ಹಿಗ್ಗು. ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸುವಾಗ ನನಗೆ ಅಯ್ಯೋ ಅನ್ನಿಸಿತು. ಕಾರ್ಪೆಟ್ಟಿನ ನಾತಕ್ಕೆ ಅವಳು ಒಮ್ಮೆ ಸೆರಗು ಮೂಗಿಗೆ ಹಿಡಿದು, ಯಾರಾದರೂ ನೋಡಿಯಾರೆಂದು ಬಿಟ್ಟಳು.

ಆ ದಿನ ಯಾವುದೋ ಕಂಪನಿಯ ದೊಡ್ಡ ಗುಂಪು ಬಂದಿತ್ತು. ಅರ್ಧ ಜನಕ್ಕೆ ವೇದಿಕೆಯ ಕಡೆ ಗಮನವೇ ಇಲ್ಲ. ಸಿಂಚನ ಅಮ್ಮನನ್ನು ಕಂಡಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿದಳು. ನಾಲ್ಕೂ ಕರೆಕ್ಟ್, ನಾಲ್ಕು ಚಪ್ಪಾಳೆ. ಐದನೆಯದಕ್ಕೆ ಮೊದಲು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡಳು.

"ನಾನು ಇವತ್ತು ಹೇಳಿದ್ದೆಲ್ಲ ತಪ್ಪು. ಹೋದ ವಾರ ಹೇಳಿದ್ದೂ ತಪ್ಪು. ಬೇಕಂತ ತಪ್ಪು ಹೇಳಿದೆ. ನೀವ್ಯಾರೂ ಎಣಿಸಲಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕು, "ಸೂಪರ್ ಡೈಲಾಗ್" ಅಂದ. ಅದೂ ಕಾರ್ಯಕ್ರಮದ ಭಾಗವೆಂದೇ ತಿಳಿದು ಎಲ್ಲರೂ ಚಪ್ಪಾಳೆ ಹೊಡೆದರು. ಆ ಸಂಜೆಯ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅದು. ನಟರಾಜನೂ ಮುಖ ಸರಿಮಾಡಿಕೊಂಡು ಜೊತೆಗೆ ಚಪ್ಪಾಳೆ ತಟ್ಟಿದ.

ವಿಮಲ ಎದ್ದಳು. ಮೇಜುಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಗೆ ಹೋಗಿ ಮಗಳ ಎದುರು ನಿಂತಳು. ಮೈಕು ಇನ್ನೂ ಸಿಂಚನಳ ಕೈಯಲ್ಲಿತ್ತು, ಅವರ ಮಾತು ಹಾಲಿಗೆಲ್ಲ ಕೇಳಿಸಿತು.

"ಕೈ ಯಾಕೆ ಹೀಗೆ ತಣ್ಣಗಿದೆ? ಊಟ ಮಾಡಿದ್ಯಾ?"

"ಆಮೇಲೆ."

"ಆಮೇಲೆ ಅಂದ್ರೆ?"

"ಪ್ರೋಗ್ರಾಂ ಆದ್ಮೇಲೆ. ಯಾವಾಗ್ಲೂ ಆಮೇಲೆ."

ವಿಮಲ ಮಗಳ ತೋಳು ಹಿಡಿದಳು. ಹುಡುಗಿ ನೋವಿಗೆ ಮುಲುಗಿ ಹಿಂದೆ ಸರಿದಳು. ತಾಯಿ ರವಿಕೆಯ ತೋಳನ್ನು ಮೇಲೆ ಸರಿಸಿ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ.

"ಇನ್ನೂ ಪ್ರಶ್ನೆ ಬಾಕಿ ಇವೆ ವಿಮಲ. ಮನೆಗೆ ಹೋಗಿ ಮಾತಾಡಣ" ಅಂದ ನಟರಾಜ, ನಗುತ್ತಲೇ.

"ಮಗಳು ತಪ್ಪು ಅಂತ ಬಾಯಿಬಿಟ್ಟು ಹೇಳಿದ್ಳು. ನಿಮಗೆ ಕೇಳಿಸ್ಲಿಲ್ವಾ?" ಅಂದಳು ವಿಮಲ. ಅವನು ಉತ್ತರಿಸುವುದನ್ನು ಕಾಯಲಿಲ್ಲ. ಮೈಕನ್ನು ಮಗಳ ಕೈಯಿಂದ ಬಿಡಿಸಿ ಕುರ್ಚಿಯ ಮೇಲಿಟ್ಟು, ಅವಳನ್ನು ಕರೆದುಕೊಂಡು ಹೊರಗೆ ಬಂದಳು. ಇಬ್ರಾಹಿಂ ಅಷ್ಟರಲ್ಲಿ ಜೀಪು ತಿರುಗಿಸಿ ನಿಲ್ಲಿಸಿದ್ದ. ನಾನು ಅಡಿಗೆಮನೆಯಿಂದ ಬಿಸಿ ಅನ್ನ ಸಾರು ಕಟ್ಟಿಸಿ ತರುವಷ್ಟು ಮಾತ್ರ ಕಾದರು. ವಿಮಲ ಅದನ್ನು ತೆಗೆದುಕೊಂಡು, "ನಿಮಗೆ ಗೊತ್ತಿದ್ದೇ ಕರೆಸಿದ್ರಿ ಅಲ್ವಾ" ಅಂದಳು. ಆ ದನಿಯಲ್ಲಿದ್ದದ್ದು ಕೃತಜ್ಞತೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಜೀಪು ಮಳೆಯೊಳಗೆ ಇಳಿದು ಹೊರನಾಡಿನ ಕಡೆ ಹೋಯಿತು.

ಒಳಗೆ ಏನು ನಡೆದಿರಬಹುದೆಂದು ನೋಡಲು ಹಾಲಿಗೆ ಬಂದೆ. ನಟರಾಜ ಕೈ ಮುಗಿದು, "ಮಗುವಿಗೆ ಸ್ವಲ್ಪ ಜ್ವರ, ಕ್ಷಮಿಸಬೇಕು. ಉಳಿದ ಪ್ರಶ್ನೆಗೆ ನಾನೇ ಉತ್ತರ ಹೇಳ್ತೀನಿ. ವಿದ್ಯೆ ಕಲಿಸಿದ ಗುರು ನಾನೇ ಅಲ್ವಾ" ಅನ್ನುತ್ತಿದ್ದ. ಅವನಿಗೆ ಒಂದು ಘಾತವೂ ಬಾಯಿಗೆ ಬರುತ್ತಿರಲಿಲ್ಲವೆಂದು ಸಿಂಚನಳೇ ನನಗೆ ಹೇಳಿದ್ದಳು. ಯಾರೋ ತೊಂಬತ್ತೊಂದು ಅಂದರು, ಎಂಟು ಎಷ್ಟು ಅಂದರು. ಅವನು ಕಣ್ಣು ಮುಚ್ಚಿ, ಮಗಳ ಹಾಗೆಯೇ ತುಟಿ ಅಲ್ಲಾಡಿಸಿ, "ನಾಲ್ಕು" ಅಂದ. ತಾನೇ ಕರೆಕ್ಟ್ ಅಂದ. ಗ್ಲಾಸು ಹಿಡಿದ ಕೈಗಳು ಮೇಜು ಬಡಿದವು. ಪೂರ್ಣೇಶ್ ಬಾಗಿಲಲ್ಲಿ ನಿಂತು ಸಮಾಧಾನದ ನಿಟ್ಟುಸಿರು ಬಿಟ್ಟರು. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಆ ವಾರವೇ ಕೆಲಸ ಬಿಟ್ಟೆ. ಒಳ್ಳೆಯ ಕೆಲಸ ಯಾಕೆ ಬಿಟ್ಟೆ ಅಂತ ಮನೆಯವರು ಬಹಳ ದಿನ ಕೇಳುತ್ತಿದ್ದರು. ಸರಿಯಾಗಿ ಹೇಳಲು ನನಗೆ ಬರಲಿಲ್ಲ. ಒಂದು ಮಗುವಿನ ರಟ್ಟೆಯ ಮಾತಾದರೆ ಹೇಳಬಹುದು. ಒಂದು ಹಾಲಿನ ತುಂಬ ಜನ ಹತ್ತು ಅಂಕಿ ಎಣಿಸುವ ತೊಂದರೆಯನ್ನೂ ತೆಗೆದುಕೊಳ್ಳದೆ ಚಪ್ಪಾಳೆ ಹೊಡೆದರು ಅನ್ನುವುದನ್ನು ಯಾರಿಗೆ ಹೇಗೆ ವಿವರಿಸುವುದು? ಸಿಂಚನಳನ್ನು ತಾಯಿ ಹೊರನಾಡಿನಲ್ಲೇ ಉಳಿಸಿಕೊಂಡು ಕಳಸದ ಸ್ಕೂಲಿಗೆ ಸೇರಿಸಿದಳೆಂದು ಇಬ್ರಾಹಿಂ ಹೇಳಿದ. ನಟರಾಜ ಎರಡು ಮೂರು ಸಲ ಹೋಗಿ ಕರೆದನಂತೆ, ವಿಮಲ ಮಗಳನ್ನು ಬಾಗಿಲು ದಾಟಿಸಲಿಲ್ಲವಂತೆ. ರೆಸಾರ್ಟಿನಲ್ಲಿ ಮಾತ್ರ ಶನಿವಾರ ತಪ್ಪಲಿಲ್ಲ, ಕೈ ನೋಡಿ ಭವಿಷ್ಯ ಹೇಳುವ ಒಬ್ಬಾತ ಸಿಕ್ಕಿದನಂತೆ.

ಆರತಕ್ಷತೆ ಮುಗಿಸಿ ಬಂದ ಮೇಲೆ ಸಿಂಚನಳನ್ನು ಒಮ್ಮೆ ನೋಡದೆ ನನಗೆ ತಡೆಯಲಾಗಲಿಲ್ಲ. ಕಳಸದಲ್ಲಿ ಬೇರೆ ಕೆಲಸವೂ ಇತ್ತು, ಅದನ್ನೇ ನೆವ ಮಾಡಿಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರ ಗುಂಪು ನಿಂತಿತ್ತು. ನಡುವೆ ಸಿಂಚನ. ಎತ್ತರವಾಗಿದ್ದಾಳೆ, ಕೆನ್ನೆ ತುಂಬಿದೆ. ಗೆಳತಿಯರ ಮಾತಿಗೆ ಬಗ್ಗಿ ಬಗ್ಗಿ ನಗುತ್ತಿದ್ದಳು. ಅವಳು ನಗುವುದನ್ನು ನಾನು ಅಂದೇ ಮೊದಲು ನೋಡಿದ್ದು. ಹತ್ತಿರ ಹೋದೆ. ನನ್ನನ್ನು ಕಂಡ ಕ್ಷಣ ಗುರುತು ಹಿಡಿದಳು, ಅದು ಅವಳ ಕಣ್ಣಿನಲ್ಲೇ ಗೊತ್ತಾಯಿತು. ನಗು ನಿಂತಿತು.

"ಚೆನ್ನಾಗಿದೀಯಾ ಸಿಂಚನ?"

"ಚೆನ್ನಾಗಿದೀನಿ ಆಂಟಿ." ವಿನಯದಿಂದಲೇ ಅಂದಳು.

ಪಕ್ಕದ ಹುಡುಗಿ ಅವಳ ತೋಳು ತಿವಿದು, "ಯಾರೇ ಇವ್ರು?" ಅಂದಳು.

ಸಿಂಚನ ಒಂದು ಗಳಿಗೆ ನನ್ನನ್ನು ನೋಡಿದಳು. "ಅಮ್ಮಂಗೆ ಪರಿಚಯ" ಅಂದಳು. ಅಷ್ಟರಲ್ಲಿ ಹೊರನಾಡಿನ ಬಸ್ಸು ಬಂತು. "ಬರ್ತೀನಿ ಆಂಟಿ" ಅಂತ ಹೇಳಿ ಹತ್ತಿದಳು. ಕಿಟಕಿಯ ಸೀಟು ಸಿಕ್ಕರೂ ಈ ಕಡೆ ತಿರುಗಲಿಲ್ಲ. ಬಸ್ಸು ಹೊರಡುವ ಮೊದಲೇ ಗುಂಪಿನ ನಗು ಮತ್ತೆ ಶುರುವಾಯಿತು, ಅದರಲ್ಲಿ ಅವಳ ದನಿಯೂ ಕೇಳಿಸಿತು.

ಮೊದಲು ಮನಸ್ಸಿಗೆ ಚುಚ್ಚಿತು, ನಿಜ. ಆಮೇಲೆ ಸರಿ ಅನ್ನಿಸಿತು. ಆ ಮಳೆಗಾಲದಿಂದ ಅವಳು ಹೊತ್ತುಕೊಂಡು ಬರಬೇಕಾದ್ದು ಏನೂ ಇರಲಿಲ್ಲ, ನಾನೂ ಸೇರಿ.